ಕರೆಂಟು ಹೆಚ್ಚಿದೆ

ನಮ್ಮತ್ತೆಯ ಬಾಯಲ್ಲಿ ‘ಮುಗಿದಿದೆ’ ಎನ್ನುವ ಮಾತು ಬರುತ್ತಿರಲಿಲ್ಲ. ಅಕ್ಕಿ ಮುಗಿದರೆ ಅಕ್ಕಿ ಹೆಚ್ಚಿದೆ ಎನ್ನುತ್ತಿದ್ದರು. ಎಣ್ಣೆ ಹೆಚ್ಚಿದೆ, ಕುಂಕುಮ ಹೆಚ್ಚಿದೆ. ಬಳೆ ಒಡೆದರೆ ಬಳೆ ಹೆಚ್ಚಿತು. ಮದುವೆಯಾದ ಹೊಸತರಲ್ಲಿ ನಾನೊಮ್ಮೆ ದೇವರ ದೀಪ ಆರಿಸಲಾ ಎಂದು ಕೇಳಿದ್ದಕ್ಕೆ, "ಬಿಡ್ತು ಅನ್ನು. ದೀಪ ದೊಡ್ಡದು ಮಾಡ್ಲಾ ಅಂತ ಕೇಳ್ಬೇಕು" ಎಂದು ಕೆನ್ನೆ ಬಡಿದುಕೊಂಡಿದ್ದರು. ಮನೆಯಲ್ಲಿ ಏನೇ ಆಗಲಿ ಇಲ್ಲ ಅನ್ನಬಾರದು, ಅಂದರೆ ಆ ‘ಇಲ್ಲ’ವೇ ಬಂದು ಒಕ್ಕರಿಸಿಕೊಳ್ಳುತ್ತದೆ ಎನ್ನುವುದು ಹಾಸನದ ಕಡೆಯವರಾದ ಅವರ ನಂಬಿಕೆ. ನಾನು ಮೈಸೂರಿನವಳು, ಇಂಜಿನಿಯರಿಂಗ್ ಓದಿದವಳು, ಸಾಲದ್ದಕ್ಕೆ ಮೂಗಿನ ತುದಿಯಲ್ಲೇ ಸಿಟ್ಟು. ಖಾಲಿ ಡಬ್ಬಿ ತೋರಿಸಿ ಹೆಚ್ಚಿದೆ ಎನ್ನುವವರ ಜೊತೆ ಬಾಳುವೆ ಮಾಡುವುದು ನನಗೇನು ಸಲೀಸಾಗಿರಲಿಲ್ಲ.

ಆದರೆ ಕಲ್ಕತ್ತದಲ್ಲಿ ಅವರಿಗೆ ಈ ವಿಷಯದಲ್ಲಿ ಒಬ್ಬರು ಜೊತೆ ಸಿಕ್ಕಿಬಿಟ್ಟರು. ಎದುರು ಫ್ಲ್ಯಾಟಿನ ಮಾಸಿಮಾ. ಇಲ್ಲಿ ನೆರೆಹೊರೆಯ ವಯಸ್ಸಾದ ಹೆಂಗಸರನ್ನೆಲ್ಲ ಹಾಗೆ, ಚಿಕ್ಕಮ್ಮ ಎನ್ನುವ ಅರ್ಥದಲ್ಲಿ ಕರೆಯುವುದು ರೂಢಿ. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಒಬ್ಬರೇ ಇರುವವರು. ನಾವು ಆ ಕಾಂಪ್ಲೆಕ್ಸಿಗೆ ಬಂದ ಸ್ವಲ್ಪ ದಿನಕ್ಕೆ ಒಂದು ಬಟ್ಟಲು ಹಿಡಿದುಕೊಂಡು ಬಾಗಿಲಿಗೆ ಬಂದು, "ಚಾಲ್ ಬಾಡೊಂತೊ" ಎಂದರು. ಅಕ್ಕಿ ಬೆಳೆಯುತ್ತಿದೆ. ಬಟ್ಟಲು ಮಾತ್ರ ಖಾಲಿ. ನಾನು ಅತ್ತೆಗೆ ಅರ್ಥ ಹೇಳಿದೆ. ಅವರು ನಕ್ಕು ನಕ್ಕು ಕೆಮ್ಮು ಬಂದು, "ಇವರೂ ನಮ್ಮೋರೇ ಕಣೆ" ಎಂದರು. ಅವತ್ತಿನಿಂದ ಒಬ್ಬರ ಭಾಷೆ ಒಬ್ಬರಿಗೆ ಬಾರದ ಆ ಇಬ್ಬರೂ ಮಾತು ಅದಲುಬದಲು ಮಾಡಿಕೊಂಡರು. ಅತ್ತೆ ಸಕ್ಕರೆ ಬಾಡೊಂತೊ ಎನ್ನುವರು, ಮಾಸಿಮಾ ಬಾಯಿ ದುಂಡಗೆ ಮಾಡಿ ಹೆಚ್ಚಿದೇ ಎನ್ನುವರು.

ನನ್ನ ಮಗಳಿಗೆ ಈ ವ್ಯಾಪಾರವೆಲ್ಲ ಗೊತ್ತಿರಲಿಲ್ಲ. ಇಲ್ಲೇ ಹುಟ್ಟಿ ಬೆಳೆದವಳು, ಯೂನಿವರ್ಸಿಟಿಯಲ್ಲಿ ಎಂ.ಎ. ಓದುತ್ತಿದ್ದಳು. ಅವಳ ಕನ್ನಡ ಊಟ, ನಿದ್ದೆ, ಬೇಕು, ಬೇಡಗಳಲ್ಲೇ ನಿಂತಿತ್ತು. ಹೇಳಿದ್ದು ಅರ್ಥವಾಗುತ್ತದೆ, ಉತ್ತರ ಬರುವುದು ಇಂಗ್ಲಿಷಿನಲ್ಲಿ. ಅಡುಗೆಮನೆಗೆ ಕಾಲಿಡುತ್ತಿದ್ದುದು ತಟ್ಟೆ ಇಡಲು ಮಾತ್ರ. ಅಲ್ಲಿ ಅಜ್ಜಿ ಆಡುವ ಮಾತನ್ನು ಅವಳು ಕೇಳಿದ್ದರೂ ಕಿವಿಗೆ ಹಾಕಿಕೊಂಡವಳಲ್ಲ.

ಮೊದಲು ನಾವಿದ್ದದ್ದು ಲೇಕ್ ಗಾರ್ಡನ್ಸಿನಲ್ಲಿ, ರೈಲಿನ ಸದ್ದು ಕೇಳುವ ಹಳೇ ಬಾಡಿಗೆ ಮನೆಯಲ್ಲಿ. ಅತ್ತೆಯ ಶ್ವಾಸಕೋಶ ಕೆಟ್ಟು ಮೆಟ್ಟಿಲು ಹತ್ತುವುದು ಆಗದೆ ಹೋದಾಗ, ಲಿಫ್ಟ್ ಇರಲಿ ಎಂದು ಸಾಲ್ಟ್ ಲೇಕಿನ ಆಚೆ ಅಂಚಿನ ಈ ಕಾಂಪ್ಲೆಕ್ಸಿಗೆ ಬಂದೆವು. ನನ್ನ ಗಂಡ ರೈಲ್ವೆಯವರು, ಖರಗ್‌ಪುರಕ್ಕೆ ವರ್ಗವಾಗಿ ಶನಿವಾರ ಮಾತ್ರ ಮನೆಗೆ ಬರುತ್ತಿದ್ದರು. ಅತ್ತೆಗೆ ಡಾಕ್ಟರು ಆಕ್ಸಿಜನ್ ಮಷೀನ್ ಬರೆದುಕೊಟ್ಟಿದ್ದರು. ಸಣ್ಣ ಬೀರುವಿನಷ್ಟು ದೊಡ್ಡದು, ಕೆಳಗೆ ಚಕ್ರ. ಗೋಡೆಯ ಪ್ಲಗ್ಗಿಗೆ ಹಾಕಿದರೆ ಗಾಳಿ ಎಳೆದುಕೊಂಡು ಆಕ್ಸಿಜನ್ ಮಾಡಿ ಮೂಗಿನ ಕೊಳವೆಗೆ ಬಿಡುತ್ತದೆ. ದಿನವಿಡೀ ಗುಂಯ್ ಎನ್ನುತ್ತಿರುತ್ತದೆ. ಪ್ಲಗ್ ತೆಗೆದರೆ ಅವರು ಸ್ವಲ್ಪ ಹೊತ್ತು ತಡೆದುಕೊಳ್ಳಬಲ್ಲರು, ಆಮೇಲೆ ತುಟಿ ನೀಲಿಯಾಗತೊಡಗುತ್ತದೆ. ಕರೆಂಟು ಅಂದರೆ ನಮ್ಮ ಮನೆಯಲ್ಲಿ ಅವರ ಉಸಿರು, ಅಷ್ಟೇ.

ನನ್ನ ಕೆಲಸವೂ ಕರೆಂಟಿನದೇ. ಸರ್ಕಾರಿ ಕಂಟ್ರೋಲ್ ರೂಮು. ಪೂರ್ವದ ರಾಜ್ಯಗಳಲ್ಲಿ ಎಲ್ಲಿ ಎಷ್ಟು ವಿದ್ಯುತ್ ತಯಾರಾಗುತ್ತಿದೆ, ಎಲ್ಲಿ ಎಷ್ಟು ಖರ್ಚಾಗುತ್ತಿದೆ, ಯಾವ ಲೈನಿನ ಮೇಲೆ ಹೊರೆ ಜಾಸ್ತಿಯಾಗಿದೆ ಎಂದು ಗೋಡೆಯಗಲದ ಪರದೆ ನೋಡುತ್ತ ಕೂರುವುದು, ಏರುಪೇರಾದರೆ ಫೋನೆತ್ತುವುದು. ನಮ್ಮ ಮೊಬೈಲುಗಳನ್ನೆಲ್ಲ ಹೊರಗಿನ ಲಾಕರಿನಲ್ಲಿಟ್ಟು ಒಳಗೆ ಹೋಗಬೇಕು. ತುರ್ತಿಗೆ ಒಂದು ಲ್ಯಾಂಡ್‌ಲೈನ್ ಇದೆ. ಅದರ ನಂಬರನ್ನು ಅತ್ತೆಯ ಮಂಚದ ಪಕ್ಕ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದೆ. ಅವರು ಮುಟ್ಟುತ್ತಿರಲಿಲ್ಲ. "ನಾನು ಫೋನ್ ಮಾಡಿ, ನೀನು ಗಾಬರೀಲಿ ಇನ್ಯಾವುದೋ ಗುಂಡಿ ಒತ್ತಿ, ಇಡೀ ದೇಶಕ್ಕೆ ಕರೆಂಟ್ ಹೋದ್ರೆ? ಆ ಪಾಪ ನಂಗೆ ಬೇಡಮ್ಮ" ಎನ್ನುತ್ತಿದ್ದರು. ಗುಂಡಿ ಇಲ್ಲ ಅತ್ತೆ, ಬರೀ ಕಂಪ್ಯೂಟರು ಎಂದು ಎಷ್ಟು ಹೇಳಿದರೂ ಅಷ್ಟೇ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಯಾರು ಯಾರಿಗೆ ಕರೆಂಟು ಕೊಡಬೇಕು ಎನ್ನುವುದು ಫೈಲುಗಳಲ್ಲಿ ತೀರ್ಮಾನವಾಗುತ್ತಿತ್ತು. ಒಂದು ರಾಜ್ಯದಲ್ಲಿ ಬೇಕಾದಷ್ಟು ಬಿದ್ದಿರುತ್ತಿತ್ತು, ಪಕ್ಕದ ರಾಜ್ಯ ಕತ್ತಲಲ್ಲಿ ಕೂತಿರುತ್ತಿತ್ತು. ಯಾಕೆ ಅಂದರೆ ಅನುಮತಿ ಬಂದಿಲ್ಲ. ಆಮೇಲೆ ಸಂತೆ ಬಂತು. ಉಳಿದವರು ಅದನ್ನು ಎಕ್ಸ್‌ಚೇಂಜ್ ಎನ್ನುತ್ತಾರೆ, ನನಗೆ ಅದು ಸಂತೆಯೇ. ಕರೆಂಟು ಇರುವವರು ತಂದು ಸುರಿಯುತ್ತಾರೆ, ಬೇಕಾದವರು ಕೂಗಿ ಕೊಳ್ಳುತ್ತಾರೆ, ಹದಿನೈದು ನಿಮಿಷಕ್ಕೊಂದು ಬೆಲೆ. ಮಧ್ಯಾಹ್ನ ರಾಜಸ್ಥಾನದ ಬಿಸಿಲಿನ ಕರೆಂಟು ಅಗ್ಗ. ಸಂಜೆ ಎಲ್ಲರೂ ಮನೆಗೆ ಬಂದು ಏಸಿ ಹಾಕುವ ಹೊತ್ತಿಗೆ ಬೆಲೆ ಗಗನಕ್ಕೆ. ಇದರಿಂದ ಒಳ್ಳೆಯದಾಗಿದೆ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಲ್ಕತ್ತದವರು ಹಿಂದೆ ಸೀಮೆಎಣ್ಣೆ ದೀಪದಲ್ಲಿ ಪರೀಕ್ಷೆಗೆ ಓದಿದ ಕತೆಗಳನ್ನು ಈಗಿನ ಮಕ್ಕಳು ನಂಬುವುದಿಲ್ಲ. ಮಾರುಕಟ್ಟೆ ಅಂದ ಕೂಡಲೇ ಉರಿದು ಬೀಳುವವರ ಪೈಕಿ ನಾನಲ್ಲ.

ಆದರೆ ಸಂತೆ ಸಂತೆಯ ಜಾಗದಲ್ಲಿರಬೇಕು. ಮನೆಯ ಮೀಟರಿನೊಳಗೆ ಬಂದು ಕೂತರೆ ಏನಾಗುತ್ತದೆ ಎನ್ನುವುದು ನಾವು ಈ ಕಾಂಪ್ಲೆಕ್ಸಿಗೆ ಬಂದ ಮೇಲೆ ಗೊತ್ತಾಯಿತು. ಒಂದು ಖಾಸಗಿ ಕಂಪನಿಯವರು ಬಂದರು. ಇಡೀ ಕಾಂಪ್ಲೆಕ್ಸಿಗೆ ಒಂದೇ ದೊಡ್ಡ ಕನೆಕ್ಷನ್, ಕರೆಂಟನ್ನು ತಾವೇ ಸಗಟಿನಲ್ಲಿ ಕೊಂಡು ತರುತ್ತೇವೆ, ಒಳಗೆ ಮನೆಮನೆಗೆ ಪ್ರೀಪೇಯ್ಡ್ ಮೀಟರ್ ಹಾಕಿ ಹಂಚುತ್ತೇವೆ ಎಂದರು. ಹಗಲು ಅಗ್ಗ, ಸಂಜೆ ಸಂತೆಯ ದರ. ಮೀಟಿಂಗಿನಲ್ಲಿ ಟೈ ಕಟ್ಟಿಕೊಂಡು ಬಂದ ಹುಡುಗ, "ಮೊಬೈಲ್ ಸಿಮ್ ಇದ್ದ ಹಾಗೆ ಮ್ಯಾಡಮ್, ಎಷ್ಟು ಬೇಕೋ ಅಷ್ಟು ತುಂಬಿಸಿಕೊಳ್ಳಿ" ಎಂದು ಹಿಂದಿಯಲ್ಲಿ ವಿವರಿಸಿದ.

ತುಂಬಿಸಿದ್ದು ಮುಗಿದರೆ ಎಂದು ಕೇಳಿದೆ.

"ಮುಗಿಯುವ ಮೊದಲೇ ಆ್ಯಪ್ ನಿಮ್ಮ ಫೋನಿಗೆ ತಿಳಿಸುತ್ತದೆ."

"ತಿಳಿಸಿದ್ದನ್ನು ನಾನು ನೋಡದಿದ್ದರೆ?"

"ಕಟ್ ಆಗುತ್ತದೆ. ತುಂಬಿಸಿದರೆ ಮತ್ತೆ ಬರುತ್ತದೆ."

"ಮನೆಯಲ್ಲಿ ಯಾರೋ ಮಷೀನಿನ ಮೇಲೆ ಉಸಿರಾಡುತ್ತಿದ್ದರೆ?"

ಅಂಥವರು ಹೇಗೂ ಎಚ್ಚರಿಕೆಯಿಂದಲೇ ಇರುತ್ತಾರಲ್ಲ ಎಂದು ನಕ್ಕ. ಹಿಂದಿನ ಸಾಲಿನಿಂದ ಯಾರೋ, ಸರ್ಕಾರಿ ನೌಕರರಿಗೆ ಪ್ರೈವೇಟ್ ಅಂದರೆ ಆಗಿಬರುವುದಿಲ್ಲ ಎಂದರು. ನನಗೆ ಮೈಯೆಲ್ಲ ಉರಿಯಿತು. ಲೇಕ್ ಗಾರ್ಡನ್ಸಿನಲ್ಲಿ ಒಮ್ಮೆ ಬಿಲ್ಲು ಕಟ್ಟುವುದು ಮರೆತಾಗ ಹಳೇ ಕಂಪನಿಯ ಲೈನ್‌ಮನ್ ನೋಟಿಸ್ ಹಿಡಿದು ಬಂದಿದ್ದ. ಅವನ ಹತ್ತಿರ ಜಗಳ ಆಡಬಹುದಿತ್ತು, ಸೋಮವಾರದವರೆಗೆ ತಡಿಯಪ್ಪ ಅನ್ನಬಹುದಿತ್ತು, ಒಂದು ಕಪ್ ಕಾಫಿ ಕೊಡಬಹುದಿತ್ತು. ಗೋಡೆಯೊಳಗಿನ ಈ ಡಬ್ಬಿಗೆ ಏನು ಕೊಡುವುದು? ಹೀಗೆಲ್ಲ ಹೇಳಿದೆ, ಕನ್ನಡದ ಸಿಟ್ಟು ಹಿಂದಿಯಲ್ಲಿ ಸರಿಯಾಗಿ ಇಳಿಯಲಿಲ್ಲ. ಕೈಗಳು ಎದ್ದವು, ಪ್ರಸ್ತಾವ ಪಾಸಾಯಿತು. ಇನ್ವರ್ಟರನ್ನು ನಾವು ಮನೆ ಬದಲಿಸುವಾಗಲೇ ಮಾರಿಬಿಟ್ಟಿದ್ದೆವು, ಇಲ್ಲಿ ಜನರೇಟರ್ ಇದೆಯಲ್ಲ ಎಂದು. ಆ ಜನರೇಟರಿನ ಕರೆಂಟೂ ಅದೇ ಮೀಟರಿನ ಮೂಲಕವೇ ಬರುತ್ತದೆ ಎನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಮೇ ತಿಂಗಳು. ಆ ವಾರ ಬಿಸಿಲು ಹೇಗಿತ್ತೆಂದರೆ ಟ್ಯಾಪಿನ ನೀರಿನಲ್ಲಿ ಕೈ ಸುಡುತ್ತಿತ್ತು. ನನಗೆ ಮಧ್ಯಾಹ್ನದ ಪಾಳಿ. ಸಂಜೆಯಾಗುತ್ತಿದ್ದಂತೆ ಪರದೆಯ ಮೇಲೆ ಬೇಡಿಕೆಯ ಗೆರೆ ಏರತೊಡಗಿತು, ಬೆಲೆ ಅದರ ಹಿಂದೆ ಓಡಿತು, ಕೊನೆಗೆ ಸರ್ಕಾರ ಹಾಕಿರುವ ಮಿತಿಗೆ ತಲೆ ತಾಗಿಸಿ ನಿಂತಿತು. ಪಕ್ಕದ ಕುರ್ಚಿಯ ಸಹೋದ್ಯೋಗಿ, ಇವತ್ತು ಮಾರುವವರಿಗೆ ಹಬ್ಬ ಎಂದ. ನಾನೂ ಹೌದೆಂದು ತಲೆಯಾಡಿಸಿದೆ. ಆ ಹಬ್ಬ ನನ್ನ ಮನೆಯ ಮೀಟರಿನಿಂದಲೂ ದುಡ್ಡು ಎಳೆಯುತ್ತಿದೆ ಎನ್ನುವುದು ಹೊಳೆಯಲಿಲ್ಲ. ವಾರಕ್ಕೆ ಸಾಕಾಗುವಷ್ಟು ತುಂಬಿಸಿದ್ದೆ. ಸಾಕಾಗುತ್ತದೆ ಎಂದುಕೊಂಡದ್ದು ಹಿಂದಿನ ವಾರದ ದರದಲ್ಲಿ.

ಟೀ ಕುಡಿಯಲು ಹೊರಗೆ ಬಂದು ಲಾಕರ್ ತೆಗೆದೆ. ಅತ್ತೆಯ ಎರಡು ಮಿಸ್ಡ್ ಕಾಲ್, ಅದರ ಮೇಲೆ ಮಗಳ ಮೆಸೇಜು. ಇಂಗ್ಲಿಷಿನಲ್ಲಿ ಬರೆದಿದ್ದಳು: ಲೈಬ್ರರಿಯಲ್ಲಿದ್ದೇನೆ, ತಡವಾಗುತ್ತದೆ, ಅಜ್ಜಿ ಫೋನ್ ಮಾಡಿದ್ದರು, ಮನೆಯಲ್ಲಿ ಕರೆಂಟು ಪ್ಲೆಂಟಿ ಇದೆಯಂತೆ, ಚಿಂತೆ ಬೇಡ.

ಸರಿ ಎಂದುಕೊಂಡು ಟೀ ಹಿಡಿದು ಕಿಟಕಿಯ ಹತ್ತಿರ ನಿಂತೆ. ಅರ್ಧ ಕಪ್ ಕುಡಿದಿರಬೇಕು. ಅಲ್ಲ, ಕರೆಂಟು ಪ್ಲೆಂಟಿ ಇದೆ ಎಂದು ಹೇಳಲು ಯಾರಾದರೂ ಫೋನ್ ಮಾಡುತ್ತಾರೆಯೇ? ಅದೂ ಕಾಸಿಗೆ ಕಾಸು ಗಂಟು ಹಾಕುವ ನಮ್ಮತ್ತೆ? ಪ್ಲೆಂಟಿ ಎನ್ನುವ ಪದ ಅವರಿಗೆ ಗೊತ್ತೇ ಇಲ್ಲ. ಅವರು ಕನ್ನಡದಲ್ಲಿ ಏನೋ ಹೇಳಿದ್ದಾರೆ, ಇವಳು ಇಂಗ್ಲಿಷ್ ಮಾಡಿದ್ದಾಳೆ. ಏನು ಹೇಳಿರಬಹುದು ಎಂದು ಆ ಇಂಗ್ಲಿಷನ್ನು ಮತ್ತೆ ಕನ್ನಡಕ್ಕೆ ತಿರುಗಿಸಿದೆ. ಜಾಸ್ತಿ ಇದೆ. ಬೇಕಾದಷ್ಟಿದೆ. ಹೆಚ್ಚಿದೆ.

ಟೀ ಅಲ್ಲೇ ಇಟ್ಟೆ. ಅತ್ತೆಗೆ ಫೋನ್ ಹಚ್ಚಿದೆ, ರಿಂಗ್ ಆಗುತ್ತಿದೆ, ಎತ್ತುವವರಿಲ್ಲ. ಆ್ಯಪ್ ತೆಗೆದರೆ ನಾನು ನೋಡದ ಎಚ್ಚರಿಕೆಗಳು, ಬ್ಯಾಲೆನ್ಸ್ ಸೊನ್ನೆ, ಕೆಂಪು ಅಕ್ಷರ. ತುಂಬಿಸಿದೆ. ದುಡ್ಡು ಹೋಯಿತು, ಕರೆಂಟು ಬರಲಿಲ್ಲ. ದಯವಿಟ್ಟು ಕಾಯಿರಿ ಎಂದು ಒಂದು ಚಕ್ರ ತಿರುಗುತ್ತಿತ್ತು. ಆ ಹೊತ್ತಿನಲ್ಲಿ ಎಷ್ಟು ಜನ ಒಟ್ಟಿಗೆ ತುಂಬಿಸುತ್ತಿದ್ದರೋ. ಮನೆಗೆ ಹೋಗಲು ಮೆಟ್ರೋ ಹಿಡಿದು ಆಮೇಲೆ ಆಟೋ ಹಿಡಿಯಬೇಕು, ಎಷ್ಟೇ ಓಡಿದರೂ ಅವರ ಉಸಿರು ಅಷ್ಟು ಹೊತ್ತು ತಡೆಯುವುದಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಆಮೇಲೆ ಮಾಸಿಮಾ ನೆನಪಾದರು.

ಒಂದೇ ರಿಂಗಿಗೆ ಎತ್ತಿದರು. ಹಿಂದೆ ಗುಂಯ್ ಎನ್ನುವ ಸದ್ದು. "ಆಮಾರ್ ಕಾಛೇ" ಎಂದರು, ನನ್ನ ಹತ್ತಿರವೇ ಇದ್ದಾರೆ. ನಾನು ಅಳುವುದು ಕೇಳಿ, ಅಳುವುದಿದ್ದರೆ ಮನೆಗೆ ಬಂದು ಅಳು, ಮೊದಲು ನೀರು ಕುಡಿ ಎಂದು ಟೀಚರಿನ ದನಿಯಲ್ಲಿ ಗದರಿದರು.

ನಡೆದದ್ದನ್ನು ಆಮೇಲೆ ಇಬ್ಬರೂ ಸೇರಿ ಹೇಳಿದರು. ಅತ್ತೆಯನ್ನು ಹಗಲು ನೋಡಿಕೊಳ್ಳುವ ಆಯಾ ಸಂಜೆ ಹೊರಟ ಸ್ವಲ್ಪ ಹೊತ್ತಿಗೆ ದೀಪ ಹೋಗಿದೆ, ಮಷೀನು ಕುಂಯ್ ಎಂದು ಕೂಗಿ ನಿಂತಿದೆ. ಲೋಡ್‌ಶೆಡಿಂಗ್ ಇರಬೇಕು, ಜನರೇಟರ್ ಬರುತ್ತದೆ ಎಂದು ಅತ್ತೆ ಕಾದಿದ್ದಾರೆ. ಬಾಗಿಲ ಸಂದಿಯಲ್ಲಿ ನೋಡಿದರೆ ಕಾರಿಡಾರಿನ ಬಲ್ಬು ಉರಿಯುತ್ತಿದೆ. ಆಗ, ಹೋಗಿರುವುದು ನಮ್ಮ ಮನೆಯದು ಮಾತ್ರ ಎಂದು ಗೊತ್ತಾಗಿದೆ. ಮೂಲೆಯಲ್ಲಿ ಸಣ್ಣ ಆಕ್ಸಿಜನ್ ಸಿಲಿಂಡರ್ ಇತ್ತು, ಅದರ ಕೀಲಿ ತಿರುಗಿಸಲು ಬೆರಳಲ್ಲಿ ಬಲವಿಲ್ಲ. ನನಗೆ ಫೋನ್ ಮಾಡಿದ್ದಾರೆ, ಎತ್ತಿಲ್ಲ. ಮೊಮ್ಮಗಳಿಗೆ ಮಾಡಿದ್ದಾರೆ.

"ಕರೆಂಟು ಹೆಚ್ಚಿದೆ ಕಣೆ ಪುಟ್ಟಿ ಅಂದೆ. ಗುಡ್ ಅಜ್ಜಿ, ವೆರಿ ಗುಡ್ ಅಂದ್ಬಿಟ್ಟು ಇಟ್ಬಿಟ್ಳು. ನಾನೇನು ಮಾಡ್ಲಿ ಹೇಳು" ಎಂದರು ಅತ್ತೆ.

ಲ್ಯಾಂಡ್‌ಲೈನಿಗೆ ಮಾಡಬಾರದಿತ್ತೇ ಎಂದು ನಾನು ರೇಗಿದ್ದಕ್ಕೆ, ದೇಶದ ಗುಂಡಿಯ ಮಾತನ್ನೇ ಮತ್ತೆ ಹೇಳಿದರು. ಗೋಡೆ ಹಿಡಿದುಕೊಂಡು ಎದುರು ಮನೆಯವರೆಗೆ ಹೋಗಿ ಬಾಗಿಲು ತಟ್ಟಿ, ಇದ್ದ ಉಸಿರಿನಲ್ಲಿ ಎರಡೇ ಮಾತು ಹೇಳಿದ್ದಾರೆ: ಕರೆಂಟ್ ಬಾಡೊಂತೊ. ಮಾಸಿಮಾ ಇನ್ನೊಂದು ಪ್ರಶ್ನೆ ಕೇಳದೆ, ಕಾಳಿಪೂಜೆಗೆ ಬಾಲ್ಕನಿಯಲ್ಲಿ ದೀಪದ ಸರ ಹಾಕುವ ಉದ್ದನೆಯ ವೈರನ್ನು ತಂದು, ತಮ್ಮ ಗೋಡೆಗೆ ಚುಚ್ಚಿ, ಕಾರಿಡಾರಿನ ಅಡ್ಡಕ್ಕೆ ಎಳೆದು ನಮ್ಮ ಮನೆಯ ಮಷೀನಿಗೆ ಹಾಕಿ, ಅತ್ತೆಯನ್ನು ಮತ್ತೆ ಮಂಚಕ್ಕೆ ಕರೆತಂದಿದ್ದಾರೆ. ಅತ್ತೆಯ ಫೋನು ಎದುರು ಮನೆಯಲ್ಲೇ ಉಳಿದುಹೋಗಿತ್ತು.

ನಾನು ಬಂದಾಗ ನಮ್ಮ ಮನೆ ಇನ್ನೂ ಕತ್ತಲೇ ಇತ್ತು. ಕಾರಿಡಾರಿನ ನೆಲದ ಮೇಲೆ ಹಸಿರು ವೈರು. ಮಂಚದ ಮೇಲೆ ಅತ್ತೆ, ಮೂಗಿನಲ್ಲಿ ಕೊಳವೆ. ಪಕ್ಕದಲ್ಲಿ ಮಾಸಿಮಾ ತಾಳೆಗರಿಯ ಬೀಸಣಿಗೆ ಬೀಸುತ್ತ ಕೂತಿದ್ದರು. ಅತ್ತೆಯ ತುಟಿಯ ಬಣ್ಣ ನೋಡಿದೆ, ಉಗುರು ನೋಡಿದೆ. ಆಮೇಲೆ ನೆಲದ ಮೇಲೆ ಕೂತು ಅವರ ಪಾದ ಹಿಡಿದುಕೊಂಡು ಅತ್ತುಬಿಟ್ಟೆ. ಬೆಳಗಾದರೆ ಕಾಫಿಗೆ ಸಕ್ಕರೆ ಕಮ್ಮಿ ಅಂತ ಅವರ ಜೊತೆ ಜಗಳ ಆಡುವವಳು ನಾನು. ಅವರಿಲ್ಲದ ಮನೆಯನ್ನು ನಾನು ಯೋಚನೆಯೇ ಮಾಡಿರಲಿಲ್ಲ.

ಮಗಳು ಬಂದಳು. ವಿಷಯ ತಿಳಿದು ಅಜ್ಜಿಯ ಮಂಚದ ಅಂಚಿಗೆ ಬಂದು ಕೂತಳು. "ಅಜ್ಜಿ, ಹೆಚ್ಚು ಮೀನ್ಸ್ ಮೋರ್, ಅಲ್ವಾ?"

"ಹೂಂ ಮಗಾ, ಹೆಚ್ಚು ಅಂದ್ರೆ ಜಾಸ್ತಿ. ಹೆಚ್ಚಿದೆ ಅಂದ್ರೆ ಇಲ್ಲ."

"ದಟ್ ಮೇಕ್ಸ್ ನೋ ಸೆನ್ಸ್, ಅಜ್ಜಿ." ಅಳುತ್ತಲೇ ಹೇಳಿದಳು.

"ಇಲ್ಲ ಅನ್ನಬಾರ್ದು ಅಂತ ಹಾಗನ್ನೋದು ಕಣೆ. ಪ್ರೀತಿ ಇರೋದನ್ನ ಮುಗೀತು ಅಂತಾರಾ?" ಎಂದು ಅತ್ತೆ ಅವಳ ತಲೆ ಸವರಿದರು. ಅವಳು ಆ ಪದವನ್ನು ಬಾಯೊಳಗೇ ಮತ್ತೆ ಮತ್ತೆ ಹೇಳಿಕೊಂಡಳು, ಪರೀಕ್ಷೆಗೆ ಬಾಯಿಪಾಠ ಮಾಡುವವರ ಹಾಗೆ.

ನಮ್ಮ ಮೀಟರು ಎಷ್ಟೋ ಹೊತ್ತಿನ ಮೇಲೆ ಟಕ್ ಎಂದು ಜೀವ ತಳೆಯಿತು. ಶನಿವಾರ ಬಂದ ಗಂಡ, "ದೀಪದ ಬುಡದಲ್ಲೇ ಕತ್ತಲೆ ಅಂದ್ರೆ ಇದೇ ನೋಡು" ಎಂದು ನಗಿಸಲು ನೋಡಿದರು. ನಾನು ನಗಲಿಲ್ಲ. ಆಮೇಲೆ ಅವರೂ ಹೋಗಿ ತಾಯಿಯ ಕಾಲು ಒತ್ತುತ್ತ ಕೂತರು.

ಮುಂದಿನ ವಾರ ಕಂಪನಿಯಿಂದ ನೋಟಿಸ್ ಬಂತು, ನಮಗಲ್ಲ, ಮಾಸಿಮಾಗೆ. ಒಂದು ಫ್ಲ್ಯಾಟಿನ ವಿದ್ಯುತ್ತನ್ನು ಇನ್ನೊಂದು ಫ್ಲ್ಯಾಟಿಗೆ ಕೊಡುವುದು ಒಪ್ಪಂದಕ್ಕೆ ವಿರುದ್ಧವಂತೆ. ಕಾರಿಡಾರಿನ ಕ್ಯಾಮೆರಾದಲ್ಲಿ ವೈರು ಕಂಡಿತ್ತು. ಆ ನೋಟಿಸನ್ನು ಹಿಡಿದುಕೊಂಡು ನಾನು ಅವರ ಆಫೀಸಿಗೆ ಹೋಗಿ ಕೂಗಾಡಿದ್ದನ್ನು ಕೆಳಗಿನ ಸೆಕ್ಯುರಿಟಿಯವರು ಈಗಲೂ ನೆನೆಸಿಕೊಳ್ಳುತ್ತಾರೆ. ಈ ಸಲ ಹಿಂದಿ ಸರಿಯಾಗಿಯೇ ಬಂತು. ಕೊನೆಗೆ ಕಾಯಿಲೆಯವರಿರುವ ಮನೆಯ ಮೀಟರನ್ನು ತಾನಾಗಿ ಕಡಿಯುವುದಿಲ್ಲ, ಮೊದಲು ಒಬ್ಬ ಮನುಷ್ಯ ಬಂದು ಬಾಗಿಲು ತಟ್ಟುತ್ತಾನೆ ಎಂದು ಬರೆದುಕೊಟ್ಟರು. ಡಾಕ್ಟರರ ಚೀಟಿಯನ್ನು ಮಾತ್ರ ಆಗಾಗ ಹೊಸದಾಗಿ ಕೊಡುತ್ತಿರಬೇಕಂತೆ. ಅತ್ತೆಯ ಶ್ವಾಸಕೋಶ ವಾಸಿಯಾಗಿಬಿಡಬಹುದೆಂಬ ಆಸೆ ಅವರಿಗೆ ನಮಗಿಂತ ಜಾಸ್ತಿ ಇತ್ತು. ಮಾಸಿಮಾ ನೋಟಿಸಿನ ಹಿಂಬದಿಯಲ್ಲಿ ಬಜಾರಿನ ಸಾಮಾನು ಬರೆದು, ಹಸಿರು ವೈರನ್ನು ಸುತ್ತಿ ತಮ್ಮ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದರು.

ಕಚೇರಿಯಲ್ಲಿ ಈಗ ಎಲ್ಲರೂ ಮುಂದೆ ಬರುವ ಕಾಲದ ಮಾತಾಡುತ್ತಾರೆ. ತಂತಿ ಒಬ್ಬರದು, ಅದರಲ್ಲಿ ಕರೆಂಟು ಮಾರುವವರು ಹಲವರು, ಜನ ಫೋನಿನಲ್ಲಿ ಬೇಕಾದವರನ್ನು ಆರಿಸಿಕೊಳ್ಳಬಹುದು. ಹೌರಾದ ಸಣ್ಣ ಕಾರ್ಖಾನೆಯವನು ಮಧ್ಯಾಹ್ನದ ಅಗ್ಗದ ಕರೆಂಟಿಗೆ ತನ್ನ ಪಾಳಿ ಬದಲಿಸಿಕೊಂಡು ಬದುಕಿಕೊಳ್ಳಬಹುದು. ಬರಲಿ, ನನ್ನದೇನೂ ತಕರಾರಿಲ್ಲ. ಆದರೆ ಉಸಿರಾಟವನ್ನು ಮಧ್ಯಾಹ್ನಕ್ಕೆ ಬದಲಿಸಿಕೊಳ್ಳಲು ಬರುವುದಿಲ್ಲ. ಸಂತೆ ಹೊತ್ತು ಮುಳುಗಿದರೆ ಗಂಟು ಕಟ್ಟಿಕೊಂಡು ಹೊರಡುತ್ತದೆ, ಅದು ಅದರ ಧರ್ಮ. ಸಂತೆ ಮುಗಿದ ಮೇಲೂ ಕರೆಂಟು ಕೊಡಲು ಊರಲ್ಲಿ ಉಳಿಯುವವರು ಯಾರು ಎನ್ನುವುದನ್ನು ಮೊದಲೇ ಕಾಗದದಲ್ಲಿ ಬರೆದಿಡಿ ಎಂದು ಟ್ರೈನಿಂಗಿಗೆ ಬರುವ ಹೊಸಬರಿಗೆ ಹೇಳುತ್ತೇನೆ. ಅವರು ಬರೆದುಕೊಳ್ಳುತ್ತಾರೆ, ಪರೀಕ್ಷೆಗೆ ಬರುತ್ತದೆಯೇ ಎಂದೂ ಕೇಳುತ್ತಾರೆ.

ಅತ್ತೆ ಆ ಮಳೆಗಾಲ ಕಳೆದರು, ದಸರೆಯ ಹೊತ್ತಿನ ಪೂಜೆಯ ಹಬ್ಬವನ್ನೂ ಕಿಟಕಿಯಿಂದ ನೋಡಿದರು. ಮಗಳು ಸಂಜೆ ತಪ್ಪದೆ ಮನೆಗೆ ಬರತೊಡಗಿದ್ದಳು. ಬಂದ ಕೂಡಲೇ ಚಪ್ಪಲಿ ಬಿಡುವ ಮೊದಲು ಮೀಟರ್ ನೋಡುವಳು. ಅಜ್ಜಿಯ ಹತ್ತಿರ ಕೂತು, ಕಾಫಿಪುಡಿ ಹೆಚ್ಚಿದೆಯಾ, ಕೊಬ್ಬರಿ ಎಣ್ಣೆ ಹೆಚ್ಚಿದೆಯಾ ಎಂದು ಕೇಳುವಳು, ಇಬ್ಬರೂ ನಗುವರು.

ಚಳಿಗಾಲದ ಒಂದು ಬೆಳಿಗ್ಗೆ ನಾನು ಪಾಳಿಯಲ್ಲಿದ್ದೆ. ಚಳಿಗೆ ಯಾರೂ ಏಸಿ ಹಾಕುವುದಿಲ್ಲ, ಪರದೆಯ ಮೇಲೆ ಎಲ್ಲವೂ ತಣ್ಣಗಿತ್ತು, ಸಂತೆಯಲ್ಲಿ ಕೊಳ್ಳುವವರಿರಲಿಲ್ಲ. ಲ್ಯಾಂಡ್‌ಲೈನ್ ಹೊಡೆದುಕೊಂಡಿತು. ಯಾವುದೋ ಪವರ್ ಸ್ಟೇಷನ್ ಇರಬೇಕೆಂದು ಎತ್ತಿದೆ. ಮಂಚದ ಪಕ್ಕದ ನಂಬರಿಗೆ, ಅತ್ತೆ ಒಮ್ಮೆಯೂ ಮಾಡದ ಆ ನಂಬರಿಗೆ ಮಗಳು ಮಾಡಿದ್ದಳು. ಹಿಂದೆ ಮಷೀನು ಗುಂಯ್ ಎನ್ನುವುದು ಕೇಳಿಸುತ್ತಿತ್ತು.

"ಅಮ್ಮಾ" ಎಂದಳು. ಸ್ವಲ್ಪ ಹೊತ್ತು ಪದ ಹುಡುಕಿದಳು. "ಅಮ್ಮಾ, ಅಜ್ಜಿ ಹೆಚ್ಚಿದೆ."

ಮನುಷ್ಯರಿಗೆ ಹಾಗೆ ಹೇಳುವುದಿಲ್ಲ. ಅವಳಿಗೆ ಆ ಮಾತು ಗೊತ್ತಿದ್ದದ್ದು ಅದೊಂದೇ ರೂಪದಲ್ಲಿ.

"ಮೀ‌ಟರ್ ಸರಿ ಇದೆ ಅಮ್ಮಾ" ಎಂದಳು. "ಫಸ್ಟ್ ಅದನ್ನೇ ನೋಡ್ದೆ."